ರೇಣುಕಕ್ಕನ ಜೊತೆ ಠಾಣೆಗೆ

ಬಸ್ಸಿನಲ್ಲಿ ಪಕ್ಕದವರು ನೋವಿನ ಮುಲಾಮು ಹಚ್ಚಿಕೊಂಡರೆ ಈಗಲೂ ನನಗೆ ಆ ಮಧ್ಯಾಹ್ನದ ಪೊಲೀಸ್ ಠಾಣೆ ನೆನಪಾಗುತ್ತದೆ.

ಕೆ.ಆರ್. ಪುರದಲ್ಲಿ ನಮ್ಮ ಪಕ್ಕದ ಬಾಡಿಗೆ ಕೋಣೆಯಲ್ಲಿ ಯಾದಗಿರಿ ಕಡೆಯಿಂದ ಬಂದ ರೇಣುಕಕ್ಕ ಮತ್ತು ಅವಳ ಗಂಡ ಇದ್ದರು. ಅಂದು ಅವಳ ಎಡಗಣ್ಣು ಮುಚ್ಚಿಹೋಗುವಷ್ಟು ಊದಿತ್ತು. ದೂರು ಕೊಡಲು ಹೊರಟವಳ ಜೊತೆ ಅಮ್ಮ ನನ್ನನ್ನು ಕಳಿಸಿದಳು. "ಹೆಣ್ಮಗು ಎದುರಿಗಿದ್ರೆ ಪೊಲೀಸ್ನೋರು ಕೆಟ್ಟದಾಗಿ ಮಾತಾಡಲ್ಲ, ಕರ್ಕೊಂಡ್ ಹೋಗು."

ಅವರು ಕೆಟ್ಟದಾಗಿ ಮಾತಾಡಲೇ ಇಲ್ಲ. ಮೇಜಿನ ಹಿಂದಿದ್ದ ಸಾಹೇಬರು ನನಗೆ ಬಿಸ್ಕತ್ತು ಕೊಟ್ಟು, ಅವಳನ್ನು ಮೆತ್ತಗೆ ಕೇಳಿದರು: "ಸುಮ್‌ಸುಮ್ನೆ ಯಾರಾದ್ರೂ ಹೊಡೀತಾರೇನಮ್ಮ? ನೀನೇನ್ ಮಾಡ್ದೆ?"

"ಸಾರು ಆರಿತ್ತರೀ ಸಾಹೇಬ್ರ," ಎಂದಳು ರೇಣುಕಕ್ಕ.

ಅವರು ಗಂಡನನ್ನು ಕರೆಸಿ, ಬೈದು, ಟೀ ಕುಡಿಸಿದರು. ಅಷ್ಟರಲ್ಲಿ ಒಬ್ಬ ಮಹಿಳಾ ಪೇದೆ ತನ್ನ ಬ್ಯಾಗಿನಿಂದ ಮುಲಾಮು ತೆಗೆದು ರೇಣುಕಕ್ಕನ ಭುಜಕ್ಕೆ ತಿಕ್ಕುತ್ತಾ, ನಮ್ಮಿಬ್ಬರಿಗಷ್ಟೇ ಕೇಳುವಂತೆ ಹೇಳಿದಳು: "ನಾನೂ ಇದನ್ನೇ ಹಚ್ಕೊಂಡು ಡ್ಯೂಟಿಗೆ ಬರ್ತೀನಿ. ಮನೆಗೆ ಹೋಗಮ್ಮ."

ದೂರು ಬರೆಸದೆ ಮೂವರೂ ಒಂದೇ ಆಟೋದಲ್ಲಿ ವಾಪಸ್ಸಾದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಬಾಗಿಲ ಹತ್ತಿರ ಗಂಡ ನನ್ನತ್ತ ತಿರುಗಿ, "ನೀ ನಿಮ್ಮನಿಗಿ ಹೋಗವ್ವಾ," ಎಂದ. ಅವಳು ಒಂದೊಂದೇ ಬೆರಳು ಸಡಿಲಿಸಿದಳು.

ಆ ವರ್ಷದ ಮಳೆಗಾಲದಲ್ಲಿ, ಮತ್ತೆ ಹೊಡೆಯಲು ಬಂದ ಗಂಡನ ತಲೆಗೆ ರೇಣುಕಕ್ಕ ಒರಳಿನ ಗುಂಡು ಎತ್ತಿಹಾಕಿದಳು. ಅವನು ಉಳಿಯಲಿಲ್ಲ. ಯಾರೋ ಫೋನ್ ಮಾಡಿದರು. ಅಮ್ಮ ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕುವ ಮೊದಲೇ ಪೊಲೀಸ್ ಜೀಪು ನಮ್ಮ ಗಲ್ಲಿಗೆ ಬಂದಿತ್ತು.