ಮಣ್ಣಿನಂಗಳದ ಅನುದಾನ

ಇಡೀ ಹುಬ್ಬಳ್ಳಿ ಊರಿನ ಮೇಲೆ ಚಾವಣಿ ಹಾಕಿ, ನೆಲಕ್ಕೆಲ್ಲ ಟೈಲ್ಸ್ ಹಾಸಿ ಐವತ್ತು ವರ್ಷಗಳಾಗಿದ್ದವು. ಊರೊಳಗೆ ಮಣ್ಣು ಉಳಿದಿದ್ದು ಮಹಾನಂದಾ ನಡೆಸುತ್ತಿದ್ದ ಅಂಗಳದಲ್ಲಿ ಮಾತ್ರ. ವಾರಕ್ಕೊಮ್ಮೆ ಹೊಸ ತಂಡದ ಮಕ್ಕಳು ಮನೆಯ ಹಿರಿಯರ ಜೊತೆ ಅಲ್ಲಿಗೆ ಮಣ್ಣಲ್ಲಿ ಆಡಲು ಬರುತ್ತಿದ್ದರು. ಆ ದಿನ ಅನುದಾನ ಸಮಿತಿಯ ಪಟ್ಟಣಶೆಟ್ಟಿಯವರೂ ಬಂದಿದ್ದರು. ಅವರು ಒಪ್ಪದಿದ್ದರೆ ಅಂಗಳಕ್ಕೂ ಟೈಲ್ಸ್ ಬೀಳುತ್ತಿತ್ತು.

ಎಂದೂ ಮಣ್ಣು ಮುಟ್ಟದ ಮಕ್ಕಳು ಮಾತ್ರ ಅಂಜುತ್ತ ಅಂಚಿನಲ್ಲೇ ನಿಂತಿದ್ದರು. ಮಹಾನಂದಾ ಗಡಿಯಾರ ನೋಡುತ್ತ ಅತ್ತಿಂದಿತ್ತ ಓಡಾಡಿದಳು. ಕೊನೆಗೆ ಆರು ವರ್ಷದ ಸಾನಿಕಾ ಮಣ್ಣಿಗೆ ಕಾಲಿಟ್ಟಳು, ಮರುಕ್ಷಣವೇ ಚೀರಿದಳು. ಕೆಂಪಿರುವೆ ಕಚ್ಚಿತ್ತು.

ಪಟ್ಟಣಶೆಟ್ಟಿ ಪೆನ್ನು ತೆಗೆದರು. ಮಹಾನಂದಾ ಸಾನಿಕಾಳತ್ತ ಧಾವಿಸಿದಳು.

ಅಷ್ಟರಲ್ಲಿ ಸಾನಿಕಾಳ ಅಜ್ಜಿ ಚನ್ನವ್ವ ಚಪ್ಪಲಿ ಬಿಟ್ಟು ಇಳಿದು, ಬಾಟಲಿಯ ನೀರಿನಲ್ಲಿ ಮಣ್ಣು ಕಲಸಿ ಮೊಮ್ಮಗಳ ಪಾದಕ್ಕೆ ಮೆತ್ತಿದಳು.

"ನಾ ಸಣ್ಣಾಕಿದ್ದಾಗ ನಮ್ಮವ್ವ ಹಿಂಗ ಹಚ್ಚತಿದ್ಲು. ತಣ್ಣಗಾತೇನು?"

ಸಾನಿಕಾ ಬಿಕ್ಕುತ್ತಲೇ ಇನ್ನೊಂದು ಕಾಲು ಚಾಚಿದಳು. "ಇದಕ್ಕೂ ಹಚ್ಚು ಅಜ್ಜಿ."

"ಅದಕ್ಕೆಲ್ಲಿ ಕಚ್ಚೇತಿ?"

"ಕಚ್ಚಿಲ್ಲ. ಆದ್ರೂ ಹಚ್ಚು."

ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಇಳಿದು ಚನ್ನವ್ವನ ಮುಂದೆ ಕಾಲು ಚಾಚಿ ಕೂತರು.

ಹೊರಡುವಾಗ ಪಟ್ಟಣಶೆಟ್ಟಿ ಮಹಾನಂದಾಳ ಕೈಗೆ ಕಾಗದ ಕೊಟ್ಟರು. ಅನುದಾನ ಮಂಜೂರಾಗಿತ್ತು. ಆದರೆ ವಾರದೊಳಗೆ ಇರುವೆಗಳನ್ನು ತೆಗೆಸಬೇಕೆಂಬ ಷರತ್ತಿತ್ತು.

ಮಹಾನಂದಾ ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದಳು. ಕಾಗದವನ್ನು ಅವರತ್ತಲೇ ಚಾಚಿದಳು.

"ಮಣ್ಣು ಅಂದಮ್ಯಾಲೆ ಇರುವಿ ಇರ್ತಾವ್ರಿ ಸರ್."

ಪಟ್ಟಣಶೆಟ್ಟಿ ಮಕ್ಕಳ ಮಣ್ಣು ಮೆತ್ತಿದ ಕಾಲುಗಳತ್ತ ನೋಡಿ ಕಾಗದ ತೆಗೆದುಕೊಂಡರು. ಆಮೇಲೆ, ಹೊಡೆದ ಸಾಲಿನ ಪಕ್ಕದಲ್ಲೇ ತಮ್ಮ ಸಹಿಯನ್ನೂ ಹಾಕಿದರು.