ಹಿಂದೆ ಯಾರೂ ಇರಲಿಲ್ಲ

"ಹೊಡೆದದ್ದು ಇವನೇ!" ಕ್ಲಿನಿಕ್ಕಿನ ಮಂಚದ ಮೇಲೆ ಬೋರಲು ಮಲಗಿದ್ದ ಭಾವ ಕತ್ತು ತಿರುಗಿಸಿ ಭಾಮೈದನತ್ತ ಬೆರಳು ಚಾಚಿದ. "ಹಿಂದಿನಿಂದ ಕಾಲಿಗೆ ರಪ್ಪಂತ ಬಿತ್ತು. ಶಟಲ್ ಬಿಟ್ಟೆ ಅಂತ ಸಿಟ್ಟು ಇವನಿಗೆ."

ಫಿಸಿಯೋಥೆರಪಿಸ್ಟ್ ತುಟಿ ಕೊಂಕಿಸಿ ನಕ್ಕ. ಓಡುವಾಗ ಮೀನಖಂಡದ ಸ್ನಾಯು ಹರಿದುಕೊಂಡವರೆಲ್ಲ ಹಾಡುವ ರಾಗವಿದು. ಯಾರೋ ಒದ್ದರು, ಯಾರೋ ಕಲ್ಲು ಬೀರಿದರು. ತಿರುಗಿ ನೋಡಿದರೆ ಹಿಂದೆ ಯಾರೂ ಇರುವುದಿಲ್ಲ.

"ಆಗ ನಿಮ್ಮ ಹಿಂದೆ ಯಾರಿದ್ರು?"

"ಇವನೇ. ಇಬ್ರೂ ಒಂದೇ ಕಡೆ ಆಡ್ತಿದ್ವಿ."

"ಅದಕ್ಕೇ ಇವರ ತಲೆಗೆ ಕಟ್ತಿದ್ದೀರಿ. ಗೋಡೆ ಇದ್ದಿದ್ರೆ ಗೋಡೆ ಹೊಡೀತು ಅಂತಿದ್ರಿ."

ಭಾವನ ಹೆಂಡತಿ ಮುಖ ಸಿಂಡರಿಸಿದಳು. "ಕೇಳಿಸ್ಕೊಳ್ಳಿ. ಹೊಟ್ಟೆ ಹೊತ್ಕೊಂಡು ಓಡಿ ಕಾಲು ಹರ್ಕೊಂಡ್ರೆ ನನ್ನ ತಮ್ಮ ಏನ್ ಮಾಡ್ಬೇಕು?"

ಭಾಮೈದ ಮೂಲೆಯ ಸ್ಟೂಲಿನಲ್ಲಿ ಕುಳಿತು, ಅಂಚು ಸೊಟ್ಟಗಾದ ರಾಕೆಟ್ಟನ್ನು ಸವರುತ್ತಿದ್ದ. "ಬಿಡಕ್ಕಾ, ನೋವಲ್ಲಿ ಏನೋ ಅಂತಾರೆ. ಭಾವ ಬಿದ್ದಿದ್ದು ನೋಡಿ ಇದನ್ನ ಎಸೆದು ಓಡಿ ಬಂದೆ, ಸೊಟ್ಟಗಾಯ್ತು. ಹೊಡೆದ ಹಾಗೆ ಅನ್ಸೋದು ಸಹಜ ಅಂತ ದಾರೀಲೇ ಫೋನಲ್ಲಿ ಓದಿ ಹೇಳ್ದೆ. ಕೇಳ್ತಾರಾ?"

"ಓದಿದವರಿಗೂ ಓದದವರಿಗೂ ಇಷ್ಟೇ ವ್ಯತ್ಯಾಸ," ಎಂದ ಫಿಸಿಯೋ.

ಅವನು ಪರೀಕ್ಷೆಗೆ ತೊಡಗಿದ. ಒತ್ತಿದಲ್ಲೆಲ್ಲ ಭಾವ ಚೀರಿದ. ಚರ್ಮ ಕೆಂಪಗೆ ಊದಿತ್ತು. ಹರಿದ ಸ್ನಾಯುವಿನ ರಕ್ತ ಮೇಲಕ್ಕೆ ಬಂದಿದೆ ಎಂದು ಫಿಸಿಯೋ ಎಲ್ಲರಿಗೂ ಪಾಠ ಹೇಳಿದ.

"ಎದ್ದು, ಆ ಕಾಲೊಂದರಲ್ಲೇ ತುದಿಬೆರಳ ಮೇಲೆ ನಿಲ್ಲಿ. ಆಗಲ್ಲ ನಿಮ್ಮಿಂದ."

ಭಾವ ಹಲ್ಲು ಕಚ್ಚಿ ನಿಂತ. ಮತ್ತೊಮ್ಮೆಯೂ ನಿಂತ.

"ಇಳೀರಿ, ಇಳೀರಿ! ಪೌರುಷ ತೋರ್ಸೋಕೆ ಹೋಗಿ ಇನ್ನಷ್ಟು ಹರ್ಕೋತೀರಿ."

ಹೆಂಡತಿಗೆ ಅಷ್ಟು ಸಾಕಾಯಿತು. "ಡಾಕ್ಟ್ರೇ ಹೇಳಿದ್ಮೇಲೆ ಮುಗೀತಲ್ಲಾ? ನನ್ನ ತಮ್ಮನ ಹತ್ರ ಕ್ಷಮೆ ಕೇಳಿ. ಇಲ್ದಿದ್ರೆ ನೀವು ನಿಮ್ಮಮ್ಮನ ಮನೆಗೇ ಹೋಗಿ, ನಮ್ಮನೆಗೆ ಬರ್ಬೇಡಿ."

ಭಾವ ಮೂವರ ಮುಖವನ್ನೂ ನೋಡಿದ. ಒಂದರಲ್ಲೂ ಕನಿಕರವಿರಲಿಲ್ಲ. ಕೈ ಜೋಡಿಸಿದ. "ತಪ್ಪಾಯ್ತಪ್ಪಾ."

"ಅಯ್ಯೋ, ಇರ್ಲಿ ಭಾವ. ಇನ್ನೊಂದ್ಸಲ ಶಟಲ್ ಬಿಡ್ಬೇಡಿ, ಅಷ್ಟೇ."

ಎಷ್ಟು ದೊಡ್ಡ ಮನಸ್ಸು ಎಂದುಕೊಂಡ ಫಿಸಿಯೋ. "ಶಾಸ್ತ್ರಕ್ಕೆ ಒಂದು ಸ್ಕ್ಯಾನ್ ಮಾಡಿಸೋಣ. ಹರಿದಿರೋದನ್ನ ಕಣ್ಣಾರೆ ನೋಡ್ಲಿ."

"ಕ್ಷಮೆ ಕೇಳಿ ಆಯ್ತಲ್ಲ, ಇನ್ನು ಸ್ಕ್ಯಾನ್ ಯಾಕೆ?" ಎಂದ ಭಾಮೈದ. ಎಲ್ಲರೂ ನಕ್ಕರು, ಭಾವನೊಬ್ಬನನ್ನು ಬಿಟ್ಟು.

ಪಕ್ಕದ ಕತ್ತಲೆ ಕೋಣೆಯಲ್ಲಿ ಸ್ಕ್ಯಾನ್ ಡಾಕ್ಟರಮ್ಮ ಕಾಲಿಗೆ ತಣ್ಣನೆಯ ಜೆಲ್ ಸವರಿದರು. ಫಿಸಿಯೋ ಪರದೆಯ ಮುಂದೆ ನಿಂತ, ಪಕ್ಕದಲ್ಲಿ ಹೆಂಡತಿ. ಭಾಮೈದ ರಾಕೆಟ್ ಹಿಡಿದು ಫಿಸಿಯೋನ ಬೆನ್ನಿಗೇ ನಿಂತ.

"ಎಲ್ಲಿ ಹರಿದಿದೆ, ತೋರಿಸಿ ಇವರಿಗೆ," ಎಂದ ಫಿಸಿಯೋ.

ಡಾಕ್ಟರಮ್ಮ ಎರಡೆರಡು ಸಲ ನೋಡಿದರು. "ಸ್ನಾಯು ಒಂದೆಳೆಯೂ ಹರಿದಿಲ್ಲ. ರಕ್ತ ಕಟ್ಟಿರೋದು ಚರ್ಮದ ಕೆಳಗೆ ಮಾತ್ರ, ಬಳೆ ಚೂರಿನ ಹಾಗೆ ಬಾಗಿದ ಗೆರೆ. ಇದು ಬಾಸುಂಡೆ ಕಣ್ರೀ. ಯಾರು ಇವರಿಗೆ ಹೊಡೆದದ್ದು?"

ಫಿಸಿಯೋ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.