ಸಾಕು ಎನ್ನದ ಮಧ್ಯಾಹ್ನ

ಮಗ ತನ್ನ ಕಾರ್ ಶೆಡ್ಡಿಗೆ ಹಾಕಿಸಿದ ಹಸಿ ಸಿಮೆಂಟಿನ ವಾಸನೆಗೆ ಇವತ್ತು ಆ ಹಳೆಯ ಮಧ್ಯಾಹ್ನ ನೆನಪಾಯಿತು. ಯಾರಿಗೂ ಹೇಳದ್ದನ್ನು ಬರೆಯುತ್ತಿದ್ದೇನೆ.

ನಾನು ಚಿಕ್ಕ ಹುಡುಗನಾಗಿದ್ದಾಗ ಅಟ್ಟೂರಿನ ನಮ್ಮ ದನದ ಕೊಟ್ಟಿಗೆಯನ್ನು ದೊಡ್ಡಪ್ಪ ತಮ್ಮ ಹಳೆಯ ಕಾರಿಗಾಗಿ ಶೆಡ್ ಮಾಡಿದ್ದರು. ನೆಲಕ್ಕೆ ಗಾರೆ, ಸ್ಪ್ಯಾನರುಗಳಿಗೆ ಹಲಗೆ ಎಲ್ಲ ಆಗಿತ್ತು. ಹಿಂದಿನ ಹೊಸ ಗೋಡೆಗೆ ಕಾರು ಬಡಿಯದಂತೆ ಹಳೇ ಟೈರು ಕಟ್ಟುವುದೊಂದೇ ಉಳಿದಿತ್ತು. ಮೊದಲ ಸಲ ಕಾರನ್ನು ರಿವರ್ಸಿನಲ್ಲಿ ಒಳಗೆ ತರುವಾಗ, "ನೋಡ್ಕೊಂಡು ಹೇಳೋ ಮಗಾ" ಎಂದು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದರು.

"ಬರ್ಲಿ, ಬರ್ಲಿ" ಎಂದೆ. ನನ್ನ ಮಾತಿಗೆ ಅಷ್ಟು ದೊಡ್ಡ ಕಾರು ಚಲಿಸುತ್ತಿತ್ತು. ಆ ಖುಷಿಯಲ್ಲಿ "ಸಾಕು" ಎನ್ನಲಿಲ್ಲ.

ಇನ್ನೂ ಹಸಿಯಾಗಿದ್ದ ಗೋಡೆ ಧಡಾರನೆ ಆಚೆಗೆ ಉರುಳಿತು. ಅಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮ ನೀರು ಕುಡಿಯಲು ಆಗಷ್ಟೇ ಎದ್ದಿದ್ದರು. ಅವರ ಮೊರ ಇಟ್ಟಿಗೆಗಳಡಿ ಅಪ್ಪಚ್ಚಿಯಾಗಿತ್ತು.

"ಸಾಕು ಅನ್ಲಿಲ್ವೇನೋ?" ದೊಡ್ಡಮ್ಮ ಮೊರದ ಮೇಲಿನ ಇಟ್ಟಿಗೆ ಸರಿಸುತ್ತ ಕೇಳಿದರು.

"ಕೂಗ್ದೆ. ದೊಡ್ಡಪ್ಪಂಗೆ ಕೇಳಿಸ್ಲಿಲ್ಲ."

ದೊಡ್ಡಪ್ಪ ನನ್ನನ್ನೇ ಒಂದು ಗಳಿಗೆ ನೋಡಿದರು. "ಊಂ ಕಣೇ, ನನ್ ಕಿವಿ ಮಂದ ಆಗೈತೆ. ಇನ್ಮೇಲೆ ಕಾರ್ ಮುಟ್ಟಲ್ಲ" ಎಂದು ಕೀ ದೊಡ್ಡಮ್ಮನ ಕೈಗಿತ್ತರು. ಆಮೇಲೆ ನಿಜವಾಗಿಯೂ ಮುಟ್ಟಲಿಲ್ಲ.

ಆ ಸಂಜೆ ಮೂವರೂ ಜಗಲಿಯಲ್ಲಿ ಕೂತಿದ್ದೆವು.

"ಯಲಹಂಕದ ಬಸ್ ಬಂತು" ಎಂದರು ದೊಡ್ಡಪ್ಪ.

ನನಗಿನ್ನೂ ಬಸ್ಸಿನ ಸದ್ದೇ ಕೇಳಿಸಿರಲಿಲ್ಲ.